ದಾರಿಯ ಮೇಲಿನ ನಾಡು

ಮೈಸೂರಿನಿಂದ ದಕ್ಷಿಣಕ್ಕೆ ಹೊರಟ ಹೆದ್ದಾರಿಯು ನಂಜನಗೂಡನ್ನು ದಾಟಿ ಗುಂಡ್ಲುಪೇಟೆಗೆ ಬಂದು ಎರಡು ಕವಲಾಗುತ್ತದೆ. ಒಂದು ಕವಲು ಬಂಡೀಪುರದ ಕಾಡನ್ನು ಹಾದು ಉದಕಮಂಡಲದ ಕಡೆಗೆ ಏರುತ್ತದೆ. ಇನ್ನೊಂದು ಕೇರಳದ ವಯನಾಡಿನ ಕಡೆಗೆ ತಿರುಗುತ್ತದೆ. ದಿನವೂ ಸಾವಿರಾರು ಜನರು ಈ ದಾರಿಯಲ್ಲಿ ಸಾಗುತ್ತಾರೆ. ಅವರಲ್ಲಿ ಬಹುಪಾಲು ಜನರಿಗೆ ಗುಂಡ್ಲುಪೇಟೆಯೆಂದರೆ ಒಂದು ಲೋಟ ಕಾಫಿ, ಕೈಕಾಲು ಚಾಚಿಕೊಳ್ಳಲು ಹತ್ತು ನಿಮಿಷ, ಅಷ್ಟೆ. ಪೂರ್ವದಲ್ಲಿ, ತೆರಕಣಾಂಬಿಯ ಆಚೆಗಿರುವ ಚಾಮರಾಜನಗರಕ್ಕೆ ಆ ಹತ್ತು ನಿಮಿಷದ ಭಾಗ್ಯವೂ ಇಲ್ಲ. ನೋಡುವುದಕ್ಕೆ ಹೋಗುವ ಊರುಗಳು, ಹಾದುಹೋಗುವ ಊರುಗಳು ಎಂದು ಪ್ರವಾಸಿಗಳು ಲೋಕವನ್ನು ಎರಡಾಗಿ ವಿಂಗಡಿಸಿಕೊಂಡಿದ್ದಾರೆ. ಈ ವಿಂಗಡಣೆಯಲ್ಲಿ ಚಾಮರಾಜನಗರ ಸೀಮೆಗೆ ಆಗಿರುವ ಅನ್ಯಾಯವು ಸಣ್ಣದಲ್ಲ.

ಅನ್ಯಾಯಕ್ಕೆ ಇನ್ನೊಂದು ಮುಖವೂ ಉಂಟು. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿಯು ಅಧಿಕಾರವನ್ನು ಕಳೆದುಕೊಳ್ಳುತ್ತಾನೆ ಎಂಬ ಮೂಢನಂಬಿಕೆಯು ಬಹುಕಾಲ ಈ ಊರಿನ ಹೆಸರಿಗೆ ಅಂಟಿಕೊಂಡಿತ್ತು. 1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಡಿಸಿ ಚಾಮರಾಜನಗರ ಜಿಲ್ಲೆಯನ್ನು ರಚಿಸಿದಾಗಲೂ ಅಂದಿನ ಮುಖ್ಯಮಂತ್ರಿ ಜೆ. ಎಚ್. ಪಟೇಲರು ಅದನ್ನು ಘೋಷಿಸಿದ್ದು ಜಿಲ್ಲಾ ಕೇಂದ್ರದಲ್ಲಲ್ಲ, ಮಲೆ ಮಹದೇಶ್ವರ ಬೆಟ್ಟದಲ್ಲಿ. ಅಧಿಕಾರವೆಂಬುದು ಬರುವುದೂ ಹೋಗುವುದೂ ಸಹಜ. ಈ ಊರನ್ನು ಕಣ್ಣಿನಿಂದಲೂ ಕಾಣದವರು ಅದನ್ನು ಕಳೆದುಕೊಂಡಿಲ್ಲವೇ? 2013ರಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯನವರು ಹಲವು ಬಾರಿ ಇಲ್ಲಿಗೆ ಬಂದುಹೋಗಿ, 2018ರವರೆಗೆ ಐದು ವರ್ಷಗಳ ಅವಧಿಯನ್ನು ಪೂರೈಸಿದರು. ಆದರೂ ಈ ಊರಿನ ಮಾತು ಬಂದಾಗ ಕೆಲವರಿಗೆ ಮೊದಲು ನೆನಪಾಗುವುದು ಆ ಹಳೆಯ ಕಥೆಯೇ. ಊರಿನ ಜನರಿಗೆ ಅದನ್ನು ಕೇಳಿ ಕೇಳಿ ಬೇಸರವಾಗಿದ್ದರೆ ಆಶ್ಚರ್ಯವೇನು?

ಇಲ್ಲಿಯ ಬದುಕನ್ನು ಅರಿಯಬೇಕಾದರೆ ಊಟದಿಂದ ಪ್ರಾರಂಭಿಸುವುದು ಲೇಸು. ಇದು ಘಟ್ಟಗಳ ಮಳೆನೆರಳಿನ ಸೀಮೆ. ಕಾಡಿನ ಅಂಚಿನಲ್ಲಿ ಹಸುರು ಕಂಡರೂ ಬಯಲಿನಲ್ಲಿ ಮಳೆ ಕಡಮೆ. ಆದುದರಿಂದ ರಾಗಿ, ಜೋಳ, ಹುರುಳಿ, ಅವರೆ ಇವೇ ಇಲ್ಲಿಯ ಒಕ್ಕಲುಮಕ್ಕಳ ಹಳೆಯ ಆಸರೆ. ರಾಗಿಯು ವರ್ಷಗಟ್ಟಲೆ ಹುಳು ಹಿಡಿಯದೆ ಉಳಿಯುವ ಧಾನ್ಯ. ಹಿಂದೆ ಅದನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿಡುತ್ತಿದ್ದರು. ಬಡವನ ಮನೆಯ ಬಸ್ಸಾರನ್ನೇ ನೋಡಿ. ಕಾಳನ್ನೂ ಸೊಪ್ಪನ್ನೂ ಒಟ್ಟಿಗೆ ಬೇಯಿಸಿ, ಬಸಿದ ಕಟ್ಟಿಗೆ ಖಾರವನ್ನು ಅರೆದು ಹಾಕಿದರೆ ಸಾರು. ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆಯಿಂದ ಎರಡು ಅಡುಗೆ, ಚೆಲ್ಲುವುದಕ್ಕೆ ಏನೂ ಇಲ್ಲ. ನೀರಿಗೂ ಸೌದೆಗೂ ಬೆಲೆಯಿರುವ ನಾಡಿನಲ್ಲಿ ಹುಟ್ಟಿದ ಜಾಣತನವಿದು. ಹೊಲದ ಬದುವಿನಲ್ಲಿ ತಾನಾಗಿ ಬೆಳೆದ ಹತ್ತಾರು ಬಗೆಯ ಸೊಪ್ಪುಗಳನ್ನು ಬೆರಕೆಯಾಗಿ ಕಿತ್ತು ತರುವ ಹೆಂಗಸರಿಗೆ ಯಾವುದು ಯಾವುದರೊಡನೆ ಹೊಂದುವುದೆಂಬುದು ಬಾಯಿಪಾಠ. ಚಳಿಗಾಲದಲ್ಲಿ ಸೊಗಡಿನ ಅವರೆಕಾಯಿ ಬಂದಾಗ ಮುದ್ದೆಯ ಗಾತ್ರವೂ ಒಂದಿಷ್ಟು ಹೆಚ್ಚುತ್ತದೆ!

ವಿಷಾದದ ಸಂಗತಿಯೆಂದರೆ, ಹೆದ್ದಾರಿಯ ಬದಿಯ ಉಪಾಹಾರ ಗೃಹಗಳಲ್ಲಿ ಈ ಊಟವು ಸುಲಭವಾಗಿ ದೊರೆಯುವುದಿಲ್ಲ. ಅಲ್ಲಿರುವುದು ಎಲ್ಲೆಡೆಯೂ ಇರುವ ದೋಸೆ, ಪರೋಟ, ಬಿರಿಯಾನಿ. ಬಂದವರು ಕೇಳುವುದನ್ನು ಅಂಗಡಿಯವನು ಬಡಿಸುತ್ತಾನೆ. ಅವನನ್ನು ದೂರಿ ಫಲವಿಲ್ಲ. ಮುದ್ದೆಯನ್ನು ಅತಿಥಿಗೆ ಬಡಿಸಲು ಈ ಸೀಮೆಯವರೇ ಸಂಕೋಚಪಡುವುದುಂಟು. ಆ ಸಂಕೋಚ ಏಕೆ? ವೈದ್ಯರೂ ಪೇಟೆಯವರೂ ಇಂದು ಹುಡುಕಿಕೊಂಡು ಹೋಗುವ ಸಿರಿಧಾನ್ಯಗಳ ಊಟವನ್ನು ತಲೆತಲಾಂತರದಿಂದ ಉಂಡವರು ಇವರೇ ಅಲ್ಲವೇ?

ಸಹಪಂಕ್ತಿಯ ಊಟದ ಹಿರಿಮೆಯನ್ನು ಕಾಣಬೇಕಾದವರು ಪುಷ್ಯ ಮಾಸದ ಹುಣ್ಣಿಮೆಗೆ ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರಿಗೆ ಹೋಗಬೇಕು. ಮಂಟೇಸ್ವಾಮಿಯ ಶಿಷ್ಯನಾದ ಸಿದ್ದಪ್ಪಾಜಿಯ ಜಾತ್ರೆ ಅಲ್ಲಿ ಐದು ದಿನ ನಡೆಯುತ್ತದೆ. ನೀಲಗಾರರು ಇರುಳೆಲ್ಲ ಹಾಡುತ್ತಾರೆ. ಪಂಕ್ತಿಸೇವೆಯಂದು ಜನರು ಬಯಲಿನಲ್ಲೇ ಒಲೆ ಹೂಡಿ, ಅಡುಗೆ ಮಾಡಿ, ಸಾಲಾಗಿ ಕುಳಿತು ಉಣ್ಣುತ್ತಾರೆ.

ಚಾಮರಾಜನಗರದ ಹಳೆಯ ಹೆಸರು ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಈ ಊರಿಗೆ 1818ರಲ್ಲಿ ಅವರ ಹೆಸರನ್ನಿಟ್ಟರು. 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಈ ದೇವಾಲಯದ ರಥೋತ್ಸವವು ನಡೆಯುವುದು ಆಷಾಢದಲ್ಲಿ. ಹಳೆಯ ಮೈಸೂರು ಸೀಮೆಯಲ್ಲಿ ಆಷಾಢವೆಂದರೆ ಮಂಗಳಕಾರ್ಯಗಳಿಗೆ ತಡೆ. ಹೊಸದಾಗಿ ಮದುವೆಯಾದ ಹೆಣ್ಣು ತವರಿಗೆ ಹೋಗುವ ತಿಂಗಳು. ಅಗಲಿದ ಆ ಎಳೆಯ ದಂಪತಿಗಳಿಗೆ ತೇರಿನ ದಿನವೇ ಭೇಟಿಯ ದಿನ. ಇಬ್ಬರೂ ಎರಡು ಊರುಗಳಿಂದ ಬಂದು, ಜೊತೆಯಾಗಿ ನಿಂತು, ತೇರಿಗೆ ಹಣ್ಣು ಜವನ ಎಸೆಯುತ್ತಾರೆ. ಶಾಸ್ತ್ರವು ಬೇರ್ಪಡಿಸಿದವರನ್ನು ದೇವರೇ ಒಂದು ದಿನದ ಮಟ್ಟಿಗೆ ಕೂಡಿಸುವ ಈ ಏರ್ಪಾಡನ್ನು ಯಾರು ಮಾಡಿದರೋ, ಅವರು ಮನುಷ್ಯರ ಮನಸ್ಸನ್ನು ಬಲ್ಲವರು. 2017ರಲ್ಲಿ ಕಿಡಿಗೇಡಿತನದ ಬೆಂಕಿಗೆ ತೇರು ತುತ್ತಾಯಿತು. ಆ ಬಳಿಕ ಕೆಲವು ಆಷಾಢಗಳು ತೇರಿಲ್ಲದೆಯೇ ಕಳೆದುವು. 2022ರಲ್ಲಿ ಹೊಸ ರಥವು ಬೀದಿಗಿಳಿದಾಗ ಊರಿಗೆ ಊರೇ ನೆರೆದುದು ಬರಿಯ ಭಕ್ತಿಯಿಂದ ಮಾತ್ರವೇ ಎಂದು ಹೇಳಲಾಗದು.

ನೋಡಬೇಕಾದ ತಾಣಗಳಿಗೆ ಇಲ್ಲಿ ಕೊರತೆಯಿಲ್ಲ. ಕನಕಗಿರಿಯ ಜೈನ ಕ್ಷೇತ್ರ, ನರಸಮಂಗಲದ ಗಂಗರ ಕಾಲದ ಗುಡಿ, ಯಳಂದೂರಿನ ಬಳೆಮಂಟಪದ ಕಲ್ಲಿನ ಸರಪಣಿ, ಹುಲುಗನ ಮುರಡಿ ಇವುಗಳಲ್ಲಿ ಒಂದೊಂದಕ್ಕೂ ಒಂದು ದಿನವನ್ನು ಮೀಸಲಿಡಬಹುದು. ಬಿಳಿಗಿರಿರಂಗನ ಬೆಟ್ಟಕ್ಕೆ ಒಂದು ದಿನ ಸಾಲದು. ಅಲ್ಲಿಯ ಸೋಲಿಗರ ಪಾಲಿಗೆ ರಂಗನಾಥನು ಕುಸುಮಾಲೆಯನ್ನು ವರಿಸಿದ ಭಾವ. ದೇವರನ್ನು ಹೀಗೆ ನಂಟನನ್ನಾಗಿ ಮಾಡಿಕೊಂಡ ಜನರು ಕಾಡನ್ನೂ ಅದೇ ಸಲಿಗೆಯಿಂದ ಕಾಣುತ್ತಾರೆ. ಹುಲಿ ಸಂರಕ್ಷಿತ ಪ್ರದೇಶವಾದ ಆ ಅರಣ್ಯದಲ್ಲಿ ಅವರಿಗೆ ಸಾಮುದಾಯಿಕ ಹಕ್ಕು ದೊರೆತುದು 2011ರಲ್ಲಿ. ಜೇನು, ನೆಲ್ಲಿಯನ್ನು ಕೊಳ್ಳುವ ಪ್ರವಾಸಿಯು ಅದನ್ನು ಕೊಯ್ದು ತಂದ ಕೈಗಳನ್ನೂ ನೆನೆಯುವುದು ಒಳ್ಳೆಯದು.

ಗುಂಡ್ಲುಪೇಟೆಯ ಬಳಿಯ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಎತ್ತರ 1454 ಮೀಟರು. ತುದಿಗೆ ಈಗ ಖಾಸಗಿ ವಾಹನಗಳನ್ನು ಬಿಡುವುದಿಲ್ಲ; ತಪ್ಪಲಿನಿಂದ ಸರ್ಕಾರಿ ಬಸ್ಸಿನಲ್ಲೇ ಹೋಗಬೇಕು. ಇದನ್ನು ಕುರಿತು ಗೊಣಗುವವರುಂಟು. ಆದರೆ ಆನೆಗಳು ತಿರುಗಾಡುವ ದಾರಿಯಲ್ಲಿ ನೂರು ಕಾರುಗಳಿಗಿಂತ ಕೆಲವು ಬಸ್ಸುಗಳು ಲೇಸಲ್ಲವೇ?

ಮುಂಗಾರಿನ ತಿಂಗಳುಗಳಲ್ಲಿ ಹೆದ್ದಾರಿಯ ಎರಡೂ ಬದಿಯಲ್ಲಿ ಸೂರ್ಯಕಾಂತಿ, ಚೆಂಡುಹೂಗಳ ಹೊಲಗಳು ಅರಳುತ್ತವೆ. ಕೇರಳದ ಪ್ರವಾಸಿಗಳು ತಂಡೋಪತಂಡವಾಗಿ ಇಳಿದು ಚಿತ್ರ ತೆಗೆಸಿಕೊಳ್ಳುತ್ತಾರೆ. ಆ ಚೆಂಡುಹೂವಿನಲ್ಲಿ ಹೆಚ್ಚಿನ ಪಾಲು ಹೋಗುವುದು ಬಣ್ಣವನ್ನು ಹಿಂಡುವ ಕಾರ್ಖಾನೆಗಳಿಗೆ. ಅದು ತೋಟದ ಅಲಂಕಾರವಲ್ಲ, ಸಾಲ ಮಾಡಿ ಬಿತ್ತಿದ ಬೆಳೆ. ಕೆಲವು ರೈತರು ಹೊಲಕ್ಕೆ ಇಳಿಯುವವರಿಂದ ಅಲ್ಪ ಹಣವನ್ನು ಪಡೆಯತೊಡಗಿದ್ದಾರೆ. ಇದನ್ನು ಲೋಭವೆಂದು ಹಳಿಯುವವರು ತುಳಿದ ಗಿಡಗಳನ್ನು ಎಣಿಸಿದವರಲ್ಲ.

ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. ಕೆಲವು ಬಸ್ಸುಗಳಿಗೂ ತುರ್ತು ವಾಹನಗಳಿಗೂ ಮಾತ್ರ ವಿನಾಯಿತಿ. ನಿಷೇಧವನ್ನು ತೆಗೆಯಬೇಕೆಂಬ ಒತ್ತಾಯವು ಮೇಲಿಂದ ಮೇಲೆ ಕೇಳಿಬರುತ್ತದೆ. ವ್ಯಾಪಾರಿಗಳ ಕಷ್ಟವು ಸುಳ್ಳಲ್ಲ. ಬೇಗನೆ ಕೆಡುವ ತರಕಾರಿಯನ್ನು ಗಡಿ ದಾಟಿಸಬೇಕಾದ ಈ ಸೀಮೆಯ ರೈತರಿಗೂ ಅದು ತಟ್ಟುತ್ತದೆ. ಆದರೆ ವಯನಾಡಿನ ಕಡೆಗೆ ಹುಣಸೂರು, ಗೋಣಿಕೊಪ್ಪಗಳ ಮೂಲಕ ಸುತ್ತಿನ ದಾರಿಯಿದೆ. ಜಿಂಕೆಗೂ ಆನೆಗೂ ಅಂತಹ ಬೇರೆ ದಾರಿಯಿಲ್ಲ. ಹಗಲಿನ ಹದಿನೈದು ಗಂಟೆಗಳು ಮನುಷ್ಯನಿಗೆ, ಇರುಳಿನ ಒಂಬತ್ತು ಗಂಟೆಗಳು ಕಾಡಿಗೆ. ಈ ಪಾಲಿನಲ್ಲಿ ದೊಡ್ಡ ಭಾಗ ಈಗಲೂ ಮನುಷ್ಯನದೇ. ಒಂಬತ್ತಾಗುತ್ತಲೇ ಮೇಲುಕಾಮನಹಳ್ಳಿ, ಮದ್ದೂರುಗಳ ತಪಾಸಣೆಯ ಗೇಟುಗಳು ಮುಚ್ಚುತ್ತವೆ. ತಡವಾಗಿ ಬಂದ ಲಾರಿಗಳು ರಸ್ತೆಯ ಬದಿಗೆ ಸರಿದು ನಿಲ್ಲುತ್ತವೆ. ಹಾದುಹೋಗಲೆಂದೇ ಬಂದವರು ಆ ಒಂದು ರಾತ್ರಿಯ ಮಟ್ಟಿಗಾದರೂ ಈ ನಾಡಿನಲ್ಲಿ ತಂಗುತ್ತಾರೆ.