ಟಿಕೆಟ್ ಉಚಿತ, ಮನೆ ಕಾಯುವವರು ಯಾರು?

ಹಾಸನ: 2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ಕೆಎಸ್‌ಆರ್‌ಟಿಸಿ ಬಸ್ಸೊಂದರಲ್ಲಿ ಅಜ್ಜಿ ಮತ್ತು ಮೊಮ್ಮಗಳು ಪಂಜರವೊಂದನ್ನು ಜೊತೆಗಿರಿಸಿಕೊಂಡು ಪ್ರಯಾಣಿಸುತ್ತಿದ್ದರು. ಶಕ್ತಿ ಯೋಜನೆಯಡಿ ಇಬ್ಬರಿಗೂ ಶೂನ್ಯ ದರದ ಟಿಕೆಟ್ ದೊರೆಯಿತು. ಪಂಜರದೊಳಗಿದ್ದ ನಾಲ್ಕು ಲವ್ ಬರ್ಡ್ಸ್‌ಗೆ ಮಾತ್ರ ತಲಾ 111 ರೂಪಾಯಿಯಂತೆ 444 ರೂಪಾಯಿ ತೆರಬೇಕಾಯಿತು. ಸಾಕುಪ್ರಾಣಿ, ಪಕ್ಷಿಗಳಿಗೆ ಅರ್ಧ ಟಿಕೆಟ್ ಪಡೆಯಬೇಕೆಂಬ ನಿಗಮದ ನಿಯಮದಂತೆ ನಿರ್ವಾಹಕರು ನಡೆದುಕೊಂಡಿದ್ದರು. ಆ ಟಿಕೆಟ್ಟಿನ ಚಿತ್ರ ರಾಜ್ಯದಾದ್ಯಂತ ಹರಿದಾಡಿತು, ಜನ ನಕ್ಕರು. ಆದರೆ ಅಜ್ಜಿ ಪಂಜರವನ್ನೇಕೆ ಹೊತ್ತು ತಂದರು ಎಂದು ಯಾರೂ ಕೇಳಲಿಲ್ಲ. ಮನೆಯಲ್ಲಿ ಬಿಟ್ಟು ಬಂದರೆ ಕಾಳು, ನೀರು ಇಡುವವರು ಬೇಕಲ್ಲ?

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದಂದಿನಿಂದ ಹಾಸನ ಜಿಲ್ಲೆಯ ಮಹಿಳೆಯರ ಮಟ್ಟಿಗೆ ಪ್ರಯಾಣದ ಲೆಕ್ಕಾಚಾರವೇ ಬದಲಾಗಿದೆ. ಅರಕಲಗೂಡಿನಿಂದ ಧರ್ಮಸ್ಥಳಕ್ಕಾಗಲಿ, ಹೊಳೆನರಸೀಪುರದಿಂದ ಮೈಸೂರಿಗಾಗಲಿ, ಚನ್ನರಾಯಪಟ್ಟಣದಿಂದ ಬೆಂಗಳೂರಿಗಾಗಲಿ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ಅವರಿಗೆ ದುಡ್ಡಿನ ಚಿಂತೆಯಿಲ್ಲ. ಉಳಿದಿರುವ ವೆಚ್ಚ ಎರಡೇ. ಒಂದು, ಹೋದ ಊರಿನಲ್ಲಿ ತಂಗುವ ವೆಚ್ಚ. ಇನ್ನೊಂದು, ಮನೆ ಬಿಟ್ಟು ಹೊರಡುವುದಕ್ಕೆ ತೆರಬೇಕಾದ ಬೆಲೆ. ಮೊದಲನೆಯದನ್ನು ಕ್ಷೇತ್ರಗಳ ಛತ್ರ, ವಸತಿಗೃಹಗಳೋ ನೆಂಟರ ಮನೆಗಳೋ ಬಹುಮಟ್ಟಿಗೆ ತಗ್ಗಿಸುತ್ತವೆ. ಎರಡನೆಯದರ ಬಗ್ಗೆ ಚರ್ಚೆಯೇ ನಡೆದಿಲ್ಲ.

ಪಾಶ್ಚಾತ್ಯ ದೇಶಗಳಲ್ಲಿ ಈ ಎರಡೂ ವೆಚ್ಚಗಳನ್ನು ಒಂದಕ್ಕೊಂದು ಹೊಂದಿಸುವ ಏರ್ಪಾಡು ಬೆಳೆದಿದೆ. ಅದನ್ನು ಹೌಸ್‌ಸಿಟ್ಟಿಂಗ್ ಎನ್ನುತ್ತಾರೆ. ಪ್ರವಾಸ ಹೊರಟ ಮನೆಯವರು ಕೀಲಿಕೈಯನ್ನು ಅಪರಿಚಿತರೊಬ್ಬರಿಗೆ ಒಪ್ಪಿಸುತ್ತಾರೆ. ಬಂದವರು ನಾಯಿ, ಬೆಕ್ಕುಗಳಿಗೆ ಆಹಾರವಿಕ್ಕಿ, ಗಿಡಗಳಿಗೆ ನೀರೆರೆದು, ಬಾಡಿಗೆ ತೆರದೆ ಆ ಮನೆಯಲ್ಲಿ ಉಳಿದು ಊರು ನೋಡುತ್ತಾರೆ. ಹೆಚ್ಚಿನ ಸಂದರ್ಭಗಳಲ್ಲಿ ಇಬ್ಬರ ನಡುವೆ ಹಣದ ವ್ಯವಹಾರವಿರುವುದಿಲ್ಲ. 2010ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ಟ್ರಸ್ಟೆಡ್ ಹೌಸ್‌ಸಿಟ್ಟರ್ಸ್‌ನಂತಹ ಸಂಸ್ಥೆಗಳು ಸದಸ್ಯತ್ವ ಶುಲ್ಕ ಪಡೆದು ಇಬ್ಬರನ್ನೂ ಪರಿಚಯಿಸುತ್ತವೆ. ಹಿಂದೆ ಇಳಿದುಕೊಂಡಿದ್ದ ಮನೆಯವರು ಬರೆದುಕೊಟ್ಟ ಮೆಚ್ಚುಗೆಯ ಮಾತುಗಳೇ ಮುಂದಿನ ಮನೆಗೆ ರಹದಾರಿ. ಅಗ್ಗದ ಪ್ರವಾಸ ಬಯಸುವ ಯುವಜನರಿಗೂ ನಿವೃತ್ತರಿಗೂ ಇದು ಆಕರ್ಷಕವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಆದರೆ ಆ ಏರ್ಪಾಡಿನಲ್ಲಿ ಪ್ರಚಾರ ಸಿಗುವುದು ಬಂದು ಉಳಿಯುವವರಿಗೆ. ಹಾಸನದಂತಹ ಜಿಲ್ಲೆಯಲ್ಲಿ ನಿಜವಾಗಿ ಗಮನಿಸಬೇಕಾದವರು ಹೊರಡಲಾಗದೆ ಉಳಿದವರು.

ಕೊಟ್ಟಿಗೆಯ ಕಟ್ಟು

ಹಾಸನ ಹಾಲು ಒಕ್ಕೂಟದ ವ್ಯಾಪ್ತಿಯ ಸಾವಿರಾರು ಕುಟುಂಬಗಳಿಗೆ ದಿನ ಆರಂಭವಾಗುವುದೂ ಮುಗಿಯುವುದೂ ಡೇರಿಗೆ ಹಾಲು ಹಾಕುವ ಹೊತ್ತಿನೊಂದಿಗೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹಾಲು ಕರೆಯಲೇಬೇಕು. ಮಿಶ್ರತಳಿಯ ಹಸುವನ್ನು ಒಂದು ಹೊತ್ತು ಕರೆಯದೆ ಬಿಟ್ಟರೂ ಕೆಚ್ಚಲು ಬಿಗಿದು ಬಾವು ಬರುವ ಭಯ. ಹೊಸಬರು ಕೈಹಾಕಿದರೆ ಹಸು ಹಾಲು ಬಿಡದು, ಒದೆಯುವುದೂ ಉಂಟು. ನಾಯಿಗೆ ಪಕ್ಕದ ಮನೆಯವರು ಒಂದು ತುತ್ತು ಅನ್ನ ಹಾಕಿದರೆ ಸಾಕಾದೀತು, ಹಸುವಿಗೆ ಪಳಗಿದ ಕೈಯೇ ಬೇಕು. ಹೀಗಾಗಿ ಎರಡು ಹಸು ಕಟ್ಟಿದ ಮನೆಯಿಂದ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಎರಡು ದಿನ ಹೊರಗೆ ಉಳಿಯುವುದು ಅಪರೂಪ. ಮದುವೆಗೆ ಒಬ್ಬರು ಹೋದರೆ ತಿಥಿಗೆ ಇನ್ನೊಬ್ಬರು.

ಅರಕಲಗೂಡು ತಾಲ್ಲೂಕಿನ ರಾಮನಾಥಪುರ, ಕೊಣನೂರು ಭಾಗದ ತಂಬಾಕು ಬೆಳೆಗಾರರ ಪಾಡು ಇದಕ್ಕಿಂತ ಬಿಗಿ. ಎಲೆ ಹದ ಮಾಡುವ ಕಾಲದಲ್ಲಿ ಬ್ಯಾರನ್‌ನ ಬೆಂಕಿಯನ್ನು ಹಗಲಿರುಳು ಹಲವು ದಿನಗಳ ಕಾಲ ಕಾಯಬೇಕು. ಕಾವು ಹೆಚ್ಚಿದರೂ ತಗ್ಗಿದರೂ ಎಲೆಯ ದರ್ಜೆ ಕೆಡುತ್ತದೆ. ಒಂದು ಬ್ಯಾರನ್ ಇಳಿಸಿದರೆ ಇನ್ನೊಂದನ್ನು ತುಂಬುವ ಕೆಲಸ. ಮುಂಗಾರಿನ ನಡುವಿನಿಂದ ದೀಪಾವಳಿಯವರೆಗಿನ ಆ ತಿಂಗಳುಗಳಲ್ಲಿ ಪ್ರವಾಸದ ಮಾತು ಆ ಮನೆಗಳಲ್ಲಿ ಏಳುವುದಿಲ್ಲ.

ಈ ಹೊಣೆಯನ್ನು ಇದುವರೆಗೆ ಹೊತ್ತವರು ಯಾರು? ಕೂಡು ಕುಟುಂಬದಲ್ಲಿ ಯಾರಾದರೊಬ್ಬರು ಮನೆಯಲ್ಲಿ ಇದ್ದೇ ಇರುತ್ತಿದ್ದರು ಎಂದು ಹಿರಿಯರು ಅಭಿಮಾನದಿಂದ ಹೇಳುವುದುಂಟು. ಆ ‘ಯಾರಾದರೊಬ್ಬರು’ ಬಹುತೇಕ ಮನೆಯ ಮುದುಕಿ, ವಿಧವೆ ಅತ್ತೆ, ಇಲ್ಲವೇ ಹೊಸದಾಗಿ ಬಂದ ಸೊಸೆ. ಮನೆ ಕಾಯುವ ಕೆಲಸಕ್ಕೆ ಕೂಲಿಯೂ ಇರಲಿಲ್ಲ, ಹೆಸರೂ ಇರಲಿಲ್ಲ. ಜಾತ್ರೆಗೆ ಹೋದವರು ತರುತ್ತಿದ್ದ ಪ್ರಸಾದವೇ ಅವರ ಪ್ರವಾಸ. ಈಗ ಮಕ್ಕಳು ಬೆಂಗಳೂರು ಸೇರಿ ಮನೆಗಳು ಇಬ್ಬರು, ಮೂವರಿಗೆ ಇಳಿದಿವೆ. ಅತ್ತೆ, ಸೊಸೆ ಇಬ್ಬರಿಗೂ ಬಸ್ಸು ಉಚಿತ. ಆದರೆ ಕೊಟ್ಟಿಗೆಯಲ್ಲಿ ಹಸುವಿರುವವರೆಗೆ ಇಬ್ಬರೂ ಒಂದೇ ಬಸ್ಸು ಹತ್ತಲಾರರು.

ಇದಕ್ಕೆ ಹಳ್ಳಿಗಳಲ್ಲಿ ಹಳೆಯ ಪರಿಹಾರವೊಂದಿದೆ. ನಾಟಿ, ಕುಯಿಲಿನ ಕಾಲದಲ್ಲಿ ಒಬ್ಬರ ಗದ್ದೆಗೆ ಇನ್ನೊಬ್ಬರು ದುಡಿದು ಸಾಲ ತೀರಿಸುವ ಮುಯ್ಯಾಳು ಪದ್ಧತಿ ಹಳೇ ಮೈಸೂರು ಭಾಗಕ್ಕೆ ಹೊಸದಲ್ಲ. ಅದೇ ಲೆಕ್ಕದಲ್ಲಿ ನೆರೆಯವರು ಹಸು ಕರೆದು, ಆ ದಿನಗಳ ಹಾಲನ್ನು ತಾವೇ ಇರಿಸಿಕೊಂಡು, ತಮ್ಮ ಸರದಿ ಬಂದಾಗ ಇವರಿಂದ ಅದೇ ಕೆಲಸ ಪಡೆಯುವುದನ್ನು ಅನೇಕ ಕಡೆ ಕಾಣಬಹುದು. ಶುಲ್ಕವಿಲ್ಲ, ಸದಸ್ಯತ್ವವಿಲ್ಲ, ಬರಹದ ಮೆಚ್ಚುಗೆಯಂತೂ ಬೇಡವೇ ಬೇಡ. ಹೌಸ್‌ಸಿಟ್ಟಿಂಗ್ ಎಂಬುದು ಪಶ್ಚಿಮದವರ ಆವಿಷ್ಕಾರವೆಂದು ಬಣ್ಣಿಸುವವರು ಈ ಮುಯ್ಯಿಯನ್ನು ಒಮ್ಮೆ ನೋಡಬೇಕು. ಆದರೆ ಮುಯ್ಯಿಗೂ ಮಿತಿಯಿದೆ. ನೆರೆಯವರೂ ಹಸು ಸಾಕುವವರಾಗಿರಬೇಕು, ಇಬ್ಬರ ನಡುವೆ ಬದುವಿನ ಜಗಳ ಇರಬಾರದು. ಪಕ್ಕದ ನಾಲ್ಕು ಮನೆಗೆ ಬೀಗ ಬಿದ್ದಿರುವ ಊರುಗಳಲ್ಲಿ ಮುಯ್ಯಿ ತೀರಿಸುವವರೇ ಇಲ್ಲ.

ಬೀಗದ ಮೇಲಿನ ನಂಬಿಕೆ

ಹಾಸನ ನಗರದ ಬಡಾವಣೆಗಳ ಕಥೆ ಬೇರೆ. ಇಲ್ಲಿ ಹಸುವಿಲ್ಲ, ನಾಯಿಯಿದೆ. ಮಗನೋ ಮಗಳೋ ಅಮೆರಿಕದಲ್ಲಿ. ಬಾಣಂತನಕ್ಕೆಂದೋ ಮೊಮ್ಮಗುವನ್ನು ನೋಡಿಕೊಳ್ಳಲೆಂದೋ ನಿವೃತ್ತ ದಂಪತಿ ಹೊರಡುತ್ತಾರೆ. ಸಂದರ್ಶಕ ವೀಸಾದಲ್ಲಿ ಹೋದವರಿಗೆ ಅಲ್ಲಿ ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಲು ಅವಕಾಶ. ಅಷ್ಟು ಕಾಲ ಗೇಟಿಗೆ ಬೀಗ, ತುಳಸಿಕಟ್ಟೆಗೆ ಪಕ್ಕದ ಮನೆಯವರ ನೀರು, ನಾಯಿಗೆ ಯಾರದೋ ದಯೆ. ಊರಿಗೆ ಹೋಗುವವರು ಠಾಣೆಗೆ ಮಾಹಿತಿ ಕೊಡಿ ಎಂದು ಪೊಲೀಸರು ರಜೆ ಬಂದಾಗಲೆಲ್ಲ ವಿನಂತಿಸುತ್ತಾರೆ. ಮನೆಯಲ್ಲಿ ಯಾರಾದರೂ ಇದ್ದು ದೀಪ ಹಚ್ಚಿದರೆ ಅದಕ್ಕಿಂತ ದೊಡ್ಡ ಕಾವಲಿಲ್ಲ ಎಂಬುದನ್ನು ಎಲ್ಲರೂ ಬಲ್ಲರು. ಆದರೂ ಕೀಲಿಕೈಯನ್ನು ಇನ್ನೊಬ್ಬರಿಗೆ ಕೊಡಲು ಮನಸ್ಸು ಒಪ್ಪದು.

ಈ ಅಳುಕಿಗೆ ಇತಿಹಾಸವಿದೆ. ದೇವರಾಜ ಅರಸು ಅವರ ಕಾಲದಲ್ಲಿ, 1974ರಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ ಉಳುವವನಿಗೆ ಹೊಲದ ಒಡೆತನ ನೀಡಿತು. ಕೃಷಿ ಕಾರ್ಮಿಕರು ವಾಸವಿದ್ದ ಮನೆಗಳ ಬಗೆಗೂ ಅದೇ ಕಾಯ್ದೆಯ 38ನೇ ಕಲಮಿನಲ್ಲಿ ಅವಕಾಶವಿತ್ತು. ಗೇಣಿದಾರರಿಗೆ ಅದು ವಿಮೋಚನೆ. ಊರು ಬಿಟ್ಟು ಪಟ್ಟಣ ಸೇರಿದ್ದ ಒಡೆಯರಿಗೆ ಮಾತ್ರ ಅದು ಕಲಿಸಿದ ಪಾಠ ಬೇರೆ: ಇನ್ನೊಬ್ಬರನ್ನು ಒಳಗೆ ಬಿಟ್ಟರೆ ಕೈತಪ್ಪೀತು. ಕಾಯ್ದೆ ಅನ್ವಯಿಸಿದ್ದು ಕೃಷಿ ಸಂಬಂಧಕ್ಕೆ. ಪಟ್ಟಣದ ಮನೆಗೂ ವಾರವೊಂದರ ಕಾವಲಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಭಯಕ್ಕೆ ಕಲಮು, ಉಪಕಲಮುಗಳ ಭೇದ ತಿಳಿಯುವುದಿಲ್ಲ.

ಕಾನೂನು ಈಗ ಸ್ಪಷ್ಟವಾಗಿಯೇ ಇದೆ. ಗೋವಾದ ಪ್ರಕರಣವೊಂದರಲ್ಲಿ ಸಹೋದರಿಯ ಮನೆಯಲ್ಲಿ ಉಳಿದಿದ್ದ ಸಹೋದರ ಮನೆ ಬಿಡಲು ಒಪ್ಪದೆ ವ್ಯಾಜ್ಯ ಹೂಡಿದ್ದರು. 2012ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನಂತೆ, ನೋಡಿಕೊಳ್ಳುವವರಾಗಿ, ಕಾವಲುಗಾರರಾಗಿ ಅಥವಾ ಸೇವಕರಾಗಿ ಎಷ್ಟೇ ದೀರ್ಘಕಾಲ ಉಳಿದರೂ ಅವರಿಗೆ ಆಸ್ತಿಯಲ್ಲಿ ಹಕ್ಕು ಹುಟ್ಟುವುದಿಲ್ಲ, ಒಡೆಯರು ಕೇಳಿದಾಗ ಬಿಟ್ಟುಕೊಡಬೇಕು. ಆದರೆ ಆ ತೀರ್ಪು ಬಂದದ್ದು ವರ್ಷಗಟ್ಟಲೆ ಕೋರ್ಟಿಗೆ ಅಲೆದ ಮೇಲೆ. ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಯಾವ ಕೆಲಸಕ್ಕಾಗಿ ಮನೆಯಲ್ಲಿ ಇರುತ್ತಾರೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದರೆ ಅರ್ಧ ತಾಪತ್ರಯ ತಪ್ಪುತ್ತದೆ. ನೆಂಟರ ನಡುವೆ ಪತ್ರವೇಕೆ ಎಂಬ ಸಂಕೋಚವೇ ಅನೇಕ ವ್ಯಾಜ್ಯಗಳ ಮೂಲ. ಇನ್ನು ವಿದೇಶಿ ಪ್ರಜೆಯನ್ನು ಮನೆಯಲ್ಲಿ ಉಳಿಸಿಕೊಳ್ಳುವವರು ಆ ವಿವರವನ್ನು ನಿಗದಿತ ಅವಧಿಯೊಳಗೆ ವಿದೇಶಿಯರ ನೋಂದಣಿ ಅಧಿಕಾರಿಗೆ ಸಲ್ಲಿಸುವುದು ಕಡ್ಡಾಯ. ಬಾಡಿಗೆ ಪಡೆಯುತ್ತಿಲ್ಲ ಎಂಬುದು ವಿನಾಯಿತಿಯಲ್ಲ.

ಕಾನೂನಿಗಿಂತ ಗಟ್ಟಿಯಾದ ಇನ್ನೊಂದು ಗೋಡೆಯಿದೆ. ಬಾಡಿಗೆಗೆ ಮನೆ ಕೇಳಿ ಬಂದವರನ್ನು ‘ನೀವು ಯಾವ ಜನ’ ಎಂದು ವಿಚಾರಿಸುವ ರೂಢಿ ಜಿಲ್ಲೆಯಲ್ಲಿ ಅಳಿದಿಲ್ಲ. ಬಾಡಿಗೆ ಮನೆ ಖಾಲಿ ಮನೆಯಾದರೂ ಆಗಿರುತ್ತದೆ. ಮನೆ ಕಾಯಲು ಬಂದವರಿಗೆ ತಮ್ಮದೇ ಅಡುಗೆಮನೆ, ದೇವರಮನೆ, ಬಾವಿ ಎಲ್ಲವನ್ನೂ ಬಿಟ್ಟುಕೊಡಬೇಕು. ಕೊಟ್ಟಿಗೆಯ ಸಗಣಿ ಬಾಚಲು ಬರುವವರನ್ನು ನಡುಮನೆಯಲ್ಲಿ ಮಲಗಲು ಬಿಡದ ಮನೆಗಳು ಅಪರಿಚಿತರಿಗೆ ಕೀಲಿಕೈ ಕೊಡುತ್ತವೆಯೆಂದು ನಂಬುವುದು ಕಷ್ಟ. ಅಗ್ಗದ ಪ್ರವಾಸದ ಈ ದಾರಿ ಇಲ್ಲಿ ತೆರೆದರೂ ಮೊದಲು ತೆರೆಯುವುದು ಕೆಲವೇ ಹೆಸರುಗಳಿಗೆ ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಸಕಲೇಶಪುರ, ಆಲೂರು ಭಾಗದ ಕಾಫಿ ತೋಟಗಳಲ್ಲಿ ಮಾಲೀಕರಿಲ್ಲದ ಬಂಗಲೆಯನ್ನು ನೋಡಿಕೊಳ್ಳುವ ವ್ಯವಸ್ಥೆ ಮೊದಲಿನಿಂದಲೂ ಇದೆ. ರೈಟರ್ ಲೆಕ್ಕ ಬರೆಯುತ್ತಾರೆ, ಲೈನ್ ಮನೆಯವರು ನಾಯಿಗಳಿಗೆ ಅನ್ನ ಹಾಕುತ್ತಾರೆ. ಅದು ಸಂಬಳದ ಕೆಲಸ. ನಗರದ ಯುವಕರು ಉಚಿತವಾಗಿ ಉಳಿಯುವ ಆಸೆಗೆ ಆ ಜಾಗಕ್ಕೆ ಬಂದರೆ ಯಾರ ಸಂಬಳ ಹೋಗುತ್ತದೆ ಎಂಬುದನ್ನೂ ಲೆಕ್ಕ ಹಾಕಬೇಕು. ಮೇಲಾಗಿ ಅದು ಹೊಸಬರ ಕೆಲಸವಲ್ಲ. ಅಂಗಳದ ನಾಯಿಯನ್ನು ಚಿರತೆ ಹೊತ್ತೊಯ್ಯುವ, ಹಲಸು ಹಣ್ಣಾದಾಗ ಕಾಡಾನೆ ಮನೆ ಬಾಗಿಲಿಗೆ ಬರುವ ಸೀಮೆಯದು. 2023ರ ಡಿಸೆಂಬರ್‌ನಲ್ಲಿ ಯಸಳೂರು ವಲಯದಲ್ಲಿ ಕಾಡಾನೆ ಸೆರೆ ಕಾರ್ಯಾಚರಣೆಯ ವೇಳೆ ದಸರಾ ಅಂಬಾರಿ ಹೊತ್ತಿದ್ದ ಅರ್ಜುನನೇ ಮಡಿದ ನೆಲ. ಸಂಜೆಯ ಮೇಲೆ ನಾಯಿಯನ್ನು ವಾಯುವಿಹಾರಕ್ಕೆ ಕರೆದೊಯ್ಯುವುದು ಅಲ್ಲಿ ಪ್ರವಾಸವಲ್ಲ, ಅಪಾಯ.

ಇಲ್ಲಿಂದ ಹೊರದೇಶಕ್ಕೆ ಹೋಗಿ ಬೆಕ್ಕು, ನಾಯಿ ನೋಡಿಕೊಂಡು ಉಳಿಯಬಯಸುವವರೂ ಒಂದು ವಿಷಯ ತಿಳಿದಿರಬೇಕು. 2022ರಲ್ಲಿ ಆಸ್ಟ್ರೇಲಿಯಾದ ಮಹಿಳೆಯೊಬ್ಬರನ್ನು ಅಮೆರಿಕದ ಲಾಸ್ ಏಂಜಲೀಸ್ ವಿಮಾನ ನಿಲ್ದಾಣದಿಂದಲೇ ಹಿಂದಕ್ಕೆ ಕಳುಹಿಸಲಾಯಿತು. ವಸತಿಗೆ ಬದಲಾಗಿ ಬೆಕ್ಕು ನೋಡಿಕೊಳ್ಳುವುದನ್ನು ಅಧಿಕಾರಿಗಳು ಕೆಲಸವೆಂದೇ ಪರಿಗಣಿಸಿದ್ದರು. ಹಣ ಮುಟ್ಟದಿದ್ದರೂ ಸಂದರ್ಶಕರ ಪರವಾನಗಿಯಲ್ಲಿ ಅದಕ್ಕೆ ಆಸ್ಪದವಿಲ್ಲವೆಂಬುದು ಅವರ ನಿಲುವು. ಮೊಮ್ಮಗುವನ್ನು ಎತ್ತಿ ಆಡಿಸುವ ಅಜ್ಜಿಯನ್ನು ಯಾರೂ ಹೀಗೆ ತಡೆಯುವುದಿಲ್ಲ, ಅಪರಿಚಿತರ ಮನೆಯ ಬೆಕ್ಕಿನ ವಿಷಯ ಹಾಗಲ್ಲ.

ಮತ್ತೆ ಕೊಟ್ಟಿಗೆಗೆ ಬರುವುದಾದರೆ, ಫಿನ್ಲೆಂಡ್ ದೇಶದ ಉದಾಹರಣೆ ಗಮನಾರ್ಹ. ಅಲ್ಲಿನ ಪಶುಪಾಲಕರಿಗೆ ವರ್ಷಕ್ಕೆ 26 ದಿನ ರಜೆಯನ್ನು ಕಾನೂನೇ ಕೊಟ್ಟಿದೆ. ಆ ದಿನಗಳಲ್ಲಿ ಹಾಲು ಕರೆದು ಮೇವು ಹಾಕಲು ತರಬೇತಿ ಪಡೆದ ಬದಲಿ ಕೆಲಸಗಾರರು ಬರುತ್ತಾರೆ. ಅವರ ಸಂಬಳದ ಹೊಣೆ ಸರ್ಕಾರದ್ದು. ಅಷ್ಟು ದೊಡ್ಡ ವ್ಯವಸ್ಥೆಯನ್ನು ಇಲ್ಲಿ ಒಮ್ಮೆಗೇ ನಿರೀಕ್ಷಿಸಲಾಗದು. ಆದರೆ ಪ್ರತಿ ಹಾಲು ಉತ್ಪಾದಕರ ಸಂಘದಲ್ಲಿ ಯಾರ ಮನೆಯಲ್ಲಿ ಎಷ್ಟು ಹಸು, ದಿನಕ್ಕೆ ಎಷ್ಟು ಲೀಟರ್ ಎಂಬ ಲೆಕ್ಕ ಈಗಾಗಲೇ ಇದೆ. ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜಿದೆ. ಊರಿಗೆ ಒಬ್ಬಿಬ್ಬರು ಯುವಕ ಯುವತಿಯರಿಗೆ ಹಾಲು ಕರೆಯುವ, ಕೆಚ್ಚಲು ಬಾವು ಗುರುತಿಸುವ ತರಬೇತಿ ಕೊಟ್ಟು ಸಂಘದ ಪಟ್ಟಿಯಲ್ಲಿ ಅವರ ಹೆಸರು ಸೇರಿಸಲು ದೊಡ್ಡ ಬಂಡವಾಳ ಬೇಡ. ದಿನಗೂಲಿಯನ್ನು ಹಸುವಿನ ಮನೆಯವರು ಕೊಡಬೇಕೋ, ಸಂಘವೂ ಪಾಲು ಹಾಕಬೇಕೋ ಎಂಬುದು ವಾರ್ಷಿಕ ಮಹಾಸಭೆಯಲ್ಲಿ ತೀರ್ಮಾನವಾಗಬಹುದಾದ ವಿಷಯ. ಹಸುವಿಗೆ ಕಾಯಿಲೆಯಾದಾಗ ವೈದ್ಯರೂ ಬೆದೆಗೆ ಬಂದಾಗ ಕೃತಕ ಗರ್ಭಧಾರಣೆ ಮಾಡುವವರೂ ಮನೆ ಬಾಗಿಲಿಗೆ ಬರುತ್ತಾರೆ. ಹಸುವಿನ ಒಡತಿ ನಾಲ್ಕು ದಿನ ಊರಿಗೆ ಹೋಗಬೇಕೆಂದಾಗ ಬರುವವರನ್ನು ಮಾತ್ರ ಇದುವರೆಗೆ ಯಾರೂ ನೇಮಿಸಿಲ್ಲ.