ದೀಪ ಬೆಳಗಿದರೆ ಸಾಲದು, ದೀಪದ ಲೆಕ್ಕವೂ ಬೇಕು

ಮುಂಬಯಿಯ ಯಾವುದೇ ಕನ್ನಡ ಸಂಘದ ಕಾರ್ಯಕ್ರಮವಿರಲಿ, ಅದು ಆರಂಭವಾಗುವುದು ಗಣ್ಯರು ದೀಪ ಬೆಳಗಿಸುವುದರಿಂದ. ಆದರೆ ಅದೇ ಸಭಾಗೃಹದ ಗೋಡೆ-ಮಾಡಿನಲ್ಲಿ ಉರಿಯುವ ದೀಪಗಳ ಬಗ್ಗೆ ವಾರ್ಷಿಕ ಮಹಾಸಭೆಯಲ್ಲಿ ಚರ್ಚೆ ನಡೆಯುವುದು ಅಪರೂಪ. ಕೋಶಾಧಿಕಾರಿಗಳು ಲೆಕ್ಕಪತ್ರ ಮಂಡಿಸುವಾಗ ‘ವಿದ್ಯುತ್ ಖರ್ಚು’ ಎಂಬ ಒಂದು ಸಾಲು ಓದುತ್ತಾರೆ, ಸಭೆ ಅನುಮೋದಿಸುತ್ತದೆ, ಅಲ್ಲಿಗೆ ಮುಗಿಯಿತು. ಈ ಸಾಲಿನ ಹಿಂದೆ ಎಷ್ಟು ದುಡ್ಡು ಸೋರಿಹೋಗುತ್ತಿದೆ, ಹಳೆಯ ದೀಪಗಳು ಯಾರ ಕೈ ಸೇರುತ್ತಿವೆ ಎಂಬುದನ್ನು ಸದಸ್ಯ ಬಾಂಧವರು ಒಮ್ಮೆ ಕೇಳಬೇಕಾದ ಕಾಲ ಬಂದಿದೆ.

ಬೆಳಕಿನ ವಿಷಯದಲ್ಲಿ ಕನ್ನಡಿಗರು ಹಿಂದೆ ಬಿದ್ದವರಲ್ಲ. ಶಿವನಸಮುದ್ರದ ಜಲವಿದ್ಯುತ್ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ವಿದ್ಯುದ್ದೀಪ ಕಂಡವು. ಇತ್ತ ಮುಂಬಯಿಯಲ್ಲಿ ಹಗಲಿಡೀ ಹೋಟೆಲುಗಳಲ್ಲಿ ದುಡಿದು, ಸಂಜೆಯ ಬಳಿಕ ರಾತ್ರಿಶಾಲೆಯ ಬಲ್ಬಿನ ಕೆಳಗೆ ಕುಳಿತು ಅಕ್ಷರ ಕಲಿತ ಒಂದು ತಲೆಮಾರೇ ಇದೆ. ಇಂದು ಸಂಘಗಳನ್ನು ಕಟ್ಟಿ ಬೆಳೆಸಿದ ಹಿರಿಯರಲ್ಲಿ ಆ ಶಾಲೆಗಳಿಂದ ಬಂದವರು ಬಹಳ ಮಂದಿ. ಒಂದು ಬಲ್ಬಿನ ಬೆಲೆ ಏನೆಂಬುದು ಅವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಗಾಜಿನ ಬುರುಡೆಯೊಳಗೆ ತಂತಿ ಕಾಯಿಸಿ ಬೆಳಕು ಕೊಡುವ ಆ ಹಳೆಯ ಬಲ್ಬು ತಾನು ತಿನ್ನುವ ವಿದ್ಯುತ್ತಿನ ಬಹುಪಾಲನ್ನು ಶಾಖ ಮಾಡಿ ಹೊರಗೆ ಬಿಡುತ್ತದೆ. ಬೆಳಕಾಗುವುದು ನೂರರಲ್ಲಿ ಐದೋ ಹತ್ತೋ ಪಾಲು. ಇದನ್ನು ತಪ್ಪಿಸಲು 2000ದ ದಶಕದಲ್ಲಿ ಸಿಎಫ್‌ಎಲ್ ದೀಪಗಳು ಮನೆಮನೆಗೆ ಬಂದವು. ಬೆಂಗಳೂರಿನ ಬೆಸ್ಕಾಂ 2004-05ರ ಹೊತ್ತಿಗೇ ಅವುಗಳನ್ನು ಕಂತಿನಲ್ಲಿ ಕೊಟ್ಟು, ವಿದ್ಯುತ್ ಬಿಲ್ಲಿನ ಜತೆಗೆ ಹಣ ತೀರಿಸುವ ವ್ಯವಸ್ಥೆ ಮಾಡಿತ್ತು. ಅದೇ ವರ್ಷಗಳಲ್ಲಿ ಡೊಂಬಿವಲಿ, ಕಲ್ಯಾಣ್, ಭಿವಂಡಿ ಪರಿಸರದ ಕನ್ನಡಿಗರು ಗಂಟೆಗಟ್ಟಲೆ ಲೋಡ್ ಶೆಡ್ಡಿಂಗ್ ಅನುಭವಿಸಿದ್ದರು. 2009ರಲ್ಲಿ ಕೇಂದ್ರ ಸರಕಾರದ ‘ಬಚತ್ ಲ್ಯಾಂಪ್ ಯೋಜನೆ’ ಹಳೆಯ ಬಲ್ಬಿನ ಬೆಲೆಗೇ, ಅಂದರೆ 15 ರೂಪಾಯಿಗೆ, ಸಿಎಫ್‌ಎಲ್ ಕೊಡಲು ಹೊರಟಿತು. ವ್ಯತ್ಯಾಸದ ಹಣ ಕಾರ್ಬನ್ ಕ್ರೆಡಿಟ್ ಮಾರಾಟದಿಂದ ಬರಬೇಕಿತ್ತು. ಆ ಕ್ರೆಡಿಟ್‌ನ ಬೆಲೆ ಕುಸಿದಾಗ ಯೋಜನೆಯೂ ಸೊರಗಿತು.

ಬಳಿಕ ಬಂದದ್ದು ಎಲ್‌ಇಡಿ. 2015ರ ಜನವರಿ 5ರಂದು ಆರಂಭವಾದ ‘ಉಜಾಲಾ’ ಯೋಜನೆ ಕರ್ನಾಟಕದಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಜಾರಿಯಾಯಿತು. ಸರಕಾರ ಸಗಟಾಗಿ ಕೊಳ್ಳುವಾಗ 2014ರಲ್ಲಿ 310 ರೂಪಾಯಿ ಇದ್ದ ಬಲ್ಬು 2016ರ ವೇಳೆಗೆ 38 ರೂಪಾಯಿಗೆ ಇಳಿಯಿತು. ಈ ಯೋಜನೆಯೊಂದರಲ್ಲೇ ದೇಶದಾದ್ಯಂತ 36 ಕೋಟಿಗೂ ಹೆಚ್ಚು ಬಲ್ಬುಗಳು ವಿತರಣೆಯಾದವು.

ಹಾಗಾದರೆ ಕೆಲಸ ಮುಗಿಯಿತೇ? ಇಲ್ಲ ಎಂಬುದಕ್ಕೆ ಸ್ವಲ್ಪ ಲೆಕ್ಕ ಸಾಕು.

ದಿನಕ್ಕೆ ಐದು ಗಂಟೆ ಉರಿಯುವ 60 ವ್ಯಾಟ್‌ನ ಹಳೆಯ ಬಲ್ಬು ವರ್ಷಕ್ಕೆ ಸುಮಾರು 110 ಯೂನಿಟ್ ತಿನ್ನುತ್ತದೆ. ಅಷ್ಟೇ ಬೆಳಕು ಕೊಡುವ 14 ವ್ಯಾಟ್‌ನ ಸಿಎಫ್‌ಎಲ್‌ಗೆ ಬೇಕಾಗುವುದು 26 ಯೂನಿಟ್. 9 ವ್ಯಾಟ್‌ನ ಎಲ್‌ಇಡಿಗೆ 16 ಯೂನಿಟ್. ಅಂದರೆ ದೊಡ್ಡ ಉಳಿತಾಯ ಇರುವುದು ಹಳೆಯ ಬಲ್ಬನ್ನು ತೆಗೆಯುವುದರಲ್ಲಿ. ಚೆನ್ನಾಗಿ ಉರಿಯುತ್ತಿರುವ ಸಿಎಫ್‌ಎಲ್ ಅನ್ನು ಕಿತ್ತೆಸೆದರೆ ವರ್ಷಕ್ಕೆ ಉಳಿಯುವುದು ಹತ್ತು ಯೂನಿಟ್ ಮಾತ್ರ. ಆದುದರಿಂದ ಅದು ಕೆಟ್ಟ ಮೇಲೆ ಬದಲಾಯಿಸಿದರೆ ಸಾಕು, ಅವಸರವಿಲ್ಲ.

ಅವಸರ ಇರುವುದು ಬೇರೆ ಕಡೆ. ಬಹಳಷ್ಟು ಮನೆಗಳ ದೇವರ ಕೋಣೆಯಲ್ಲಿ, ಅಂಗಡಿ-ಹೋಟೆಲುಗಳ ಗಲ್ಲಾದ ಹಿಂದಿನ ಫೋಟೋಗಳ ಮೇಲೆ ಒಂದು ಕೆಂಪು ‘ಝೀರೋ ಬಲ್ಬು’ ಹಗಲು ರಾತ್ರಿ ಉರಿಯುತ್ತಿರುತ್ತದೆ. ಹೆಸರು ಝೀರೋ, ಆದರೆ ಅದು ತಿನ್ನುವುದು 12ರಿಂದ 15 ವ್ಯಾಟ್. ಹಿಂದಿನ ಮೀಟರುಗಳು ಇಷ್ಟು ಸಣ್ಣ ಬಳಕೆಯನ್ನು ಸರಿಯಾಗಿ ದಾಖಲಿಸುತ್ತಿರಲಿಲ್ಲವಾದ್ದರಿಂದ ಈ ಹೆಸರು ಬಂತು ಎನ್ನುತ್ತಾರೆ. ಇಂದಿನ ಮೀಟರು ಬಿಡುವುದಿಲ್ಲ. 15 ವ್ಯಾಟ್‌ನ ಝೀರೋ ಬಲ್ಬು ವರ್ಷವಿಡೀ ಉರಿದರೆ 131 ಯೂನಿಟ್. ಅಂದರೆ ಮೇಲೆ ಹೇಳಿದ 60 ವ್ಯಾಟ್‌ನ ಬಲ್ಬಿಗಿಂತಲೂ ಹೆಚ್ಚು! ಅದೇ ಜಾಗದಲ್ಲಿ ಅರ್ಧ ವ್ಯಾಟ್‌ನ ಎಲ್‌ಇಡಿ ಹಾಕಿದರೆ ವರ್ಷಕ್ಕೆ ನಾಲ್ಕೂವರೆ ಯೂನಿಟ್ ಸಾಕು. ದೇವರ ಮುಂದಿನ ಬೆಳಕು ಆರುವುದಿಲ್ಲ, ಬಿಲ್ಲು ಮಾತ್ರ ಇಳಿಯುತ್ತದೆ.

ಇನ್ನು ಸಂಘಗಳ ಸಭಾಗೃಹಗಳ ವಿಷಯ. ಹಳೆಯ ದಪ್ಪ ಟ್ಯೂಬ್‌ಲೈಟ್ 40 ವ್ಯಾಟ್ ಎಂದು ಹೇಳಿದರೂ ಅದರ ಭಾರದ ಚೋಕ್ ಸೇರಿ 50ರಿಂದ 55 ವ್ಯಾಟ್ ಆಗುತ್ತದೆ. ಅದರ ಬದಲು 20 ವ್ಯಾಟ್‌ನ ಎಲ್‌ಇಡಿ ಪಟ್ಟಿ ಸಾಕು. ನಲವತ್ತು ಟ್ಯೂಬ್ ಇರುವ ಒಂದು ಸಭಾಗೃಹವು ವರ್ಷಕ್ಕೆ 150 ದಿನ, ದಿನಕ್ಕೆ ಐದು ಗಂಟೆ ಬೆಳಗುತ್ತದೆ ಎಂದಿಟ್ಟುಕೊಳ್ಳೋಣ. ಉಳಿತಾಯ ಸಾವಿರ ಯೂನಿಟ್‌ನ ಆಸುಪಾಸು ಬರುತ್ತದೆ. ಯೂನಿಟ್‌ಗೆ ಹತ್ತು ರೂಪಾಯಿ ಹಿಡಿದರೂ ವರ್ಷಕ್ಕೆ ಸುಮಾರು ಹತ್ತು ಸಾವಿರ ರೂಪಾಯಿ. ಜೂನ್ ತಿಂಗಳಲ್ಲಿ ಸಮಾಜದ ಬಡ ಮಕ್ಕಳಿಗೆ ಉಚಿತ ಪುಸ್ತಕ ವಿತರಿಸಲು ದಾನಿಗಳ ಮನೆ ಬಾಗಿಲು ತಟ್ಟುವ ಪದಾಧಿಕಾರಿಗಳಿಗೆ ಇದು ಸಣ್ಣ ಮೊತ್ತವಲ್ಲ. ಸಂಘಗಳ ಕಾರ್ಯಕಾರಿ ಸಮಿತಿಯಲ್ಲಿ ಹೋಟೆಲ್ ಉದ್ಯಮಿಗಳು ಬಹಳ ಮಂದಿ ಇದ್ದಾರೆ. ತಮ್ಮ ಹೋಟೆಲಿನಲ್ಲಿ ಒಂದೊಂದು ಯೂನಿಟ್‌ನ ಲೆಕ್ಕ ನೋಡುವವರು ಸಂಘದ ಕಟ್ಟಡದಲ್ಲಿ ಮಾತ್ರ ಕಣ್ಣು ಮುಚ್ಚಿ ಕುಳಿತುಕೊಳ್ಳುವುದು ಸರಿಯೇ?

ಲೆಕ್ಕಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ಸಿಎಫ್‌ಎಲ್ ಮತ್ತು ಟ್ಯೂಬ್‌ಲೈಟ್‌ಗಳ ಒಳಗೆ ಕೆಲವು ಮಿಲಿಗ್ರಾಂ ಪಾದರಸ ಇದೆ. ದೀಪ ಒಡೆಯದಿರುವ ತನಕ ತೊಂದರೆಯಿಲ್ಲ. ಒಂದು ದೀಪ ಒಡೆದರೂ ಗಾಬರಿಪಡಬೇಕಾಗಿಲ್ಲ. ಕಿಟಕಿ ತೆರೆದು ಹತ್ತು ನಿಮಿಷ ಎಲ್ಲರೂ ಹೊರಗೆ ಹೋಗಬೇಕು. ಬಳಿಕ ಗುಡಿಸದೆ, ಗಟ್ಟಿ ರಟ್ಟಿನಿಂದ ಚೂರುಗಳನ್ನು ಎತ್ತಿ, ಒದ್ದೆ ಕಾಗದದಿಂದ ನೆಲ ಒರೆಸಿ, ಎಲ್ಲವನ್ನೂ ಮುಚ್ಚಳವಿರುವ ಗಾಜಿನ ಬಾಟಲಿಯಲ್ಲಿ ಹಾಕಿಡಬೇಕು. ಆದರೆ ಕೆಟ್ಟ ದೀಪಗಳನ್ನು ಅಡುಗೆಮನೆಯ ಕಸದ ಜತೆ ಕಟ್ಟಿ ಕೆಳಗೆ ಕಳುಹಿಸಿದರೆ ಅವು ಒಡೆಯುವುದು ಕಸ ಹೊರುವವನ ಕೈಯಲ್ಲಿ, ರಾಶಿ ಕೆದಕಿ ಹೊಟ್ಟೆ ಹೊರೆಯುವ ಹೆಂಗಸರ, ಮಕ್ಕಳ ಮುಖದೆದುರು. ಮನೆಯವರು ಉಳಿಸಿದ ಯೂನಿಟ್‌ನ ಬೆಲೆಯನ್ನು ಅವರು ತೆರುವುದು ಯಾವ ನ್ಯಾಯ?

ಪಾದರಸದ ಕುರಿತಾದ ಮಿನಮಾಟಾ ಒಪ್ಪಂದವನ್ನು ಭಾರತ 2018ರಲ್ಲಿ ಅಂಗೀಕರಿಸಿದೆ. ಬುಡದಲ್ಲೇ ಚೋಕ್ ಇರುವ, ಮನೆಬಳಕೆಯ ಸಿಎಫ್‌ಎಲ್‌ಗಳ ತಯಾರಿಯನ್ನು 2025ಕ್ಕೆ ನಿಲ್ಲಿಸಬೇಕೆಂದು ಆ ಒಪ್ಪಂದದ ರಾಷ್ಟ್ರಗಳು 2022ರಲ್ಲಿ ತೀರ್ಮಾನಿಸಿದವು. ಟ್ಯೂಬ್‌ಲೈಟ್‌ಗಳಿಗೆ 2027ರ ಗಡುವು ಬಿದ್ದಿದೆ. ಹೊಸದು ಬರುವುದಿಲ್ಲ, ನಿಜ. ಆದರೆ ಮನೆಯ ಮಾಳಿಗೆಯಲ್ಲಿ, ಸಂಘದ ಸ್ಟೋರ್ ರೂಮಿನಲ್ಲಿ ಬಿದ್ದಿರುವ ಹಳೆಯವು ಎಲ್ಲಿಗೆ ಹೋಗಬೇಕು? ಇ-ತ್ಯಾಜ್ಯ ನಿಯಮಗಳ ಪ್ರಕಾರ ಇವು ಸಾಮಾನ್ಯ ಕಸವಲ್ಲ. ಪರವಾನಿಗೆ ಇರುವ ಮರುಬಳಕೆ ಘಟಕಕ್ಕೇ ಸೇರಬೇಕು.

ಒಂದೊಂದು ಮನೆಯವರು ಎರಡು ಸಿಎಫ್‌ಎಲ್ ಹಿಡಿದುಕೊಂಡು ಇಂಥ ಘಟಕ ಹುಡುಕುತ್ತಾ ಅಲೆಯಲಾರರು. ಇಲ್ಲಿಯೇ ಸಂಘಗಳ ಪಾತ್ರ ಇರುವುದು. ರಕ್ತದಾನ ಶಿಬಿರ, ಆರೋಗ್ಯ ತಪಾಸಣೆ ನಡೆಸುವ ಸಂಘಟನಾ ಶಕ್ತಿ ಸಂಘಗಳಿಗೆ ಇದೆ. ಮಹಿಳಾ ವಿಭಾಗದ ಅರಸಿನ ಕುಂಕುಮಕ್ಕೆ ಬರುವಾಗ ಮನೆಯ ಕೆಟ್ಟ ದೀಪಗಳನ್ನು ಹಳೆಯ ಡಬ್ಬದಲ್ಲಿಟ್ಟು ತನ್ನಿರಿ ಎಂದು ಆಮಂತ್ರಣ ಪತ್ರಿಕೆಯಲ್ಲಿ ಒಂದು ಸಾಲು ಸೇರಿಸಬಹುದು. ಯುವ ವಿಭಾಗದವರು ಅವನ್ನು ಒಟ್ಟುಗೂಡಿಸಿ ವರ್ಷಕ್ಕೊಮ್ಮೆ ಘಟಕಕ್ಕೆ ತಲುಪಿಸಬಹುದು. ಹೊಸ ದೀಪ ಕೊಳ್ಳುವಾಗ ಅಗ್ಗದ ಬೆಲೆಗೆ ಮರುಳಾಗದೆ ಬಿಐಎಸ್ ಗುರುತು, ಸ್ಟಾರ್ ಚೀಟಿ, ಗ್ಯಾರಂಟಿಯ ವರ್ಷ ನೋಡಬೇಕೆಂಬುದನ್ನೂ ತಿಳಿಸಬಹುದು.

‘ಒಂದು ಬಲ್ಬಿನಿಂದ ಏನಾದೀತು’ ಎಂದು ಕೆಲವರು ಕೇಳಬಹುದು. ಉತ್ತರ ಊರಿನಲ್ಲೇ ಇದೆ. ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿ 1,200 ಮೆಗಾವ್ಯಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಬರುವಾಗ ಅಲ್ಲಿನ ಕೃಷಿಕರು ಗದ್ದೆ, ಬಾವಿ, ಗಾಳಿಯ ಬಗ್ಗೆ ಆತಂಕಪಟ್ಟು ಬೀದಿಗಿಳಿದರು. ಮುಂಬಯಿಯ ತುಳು-ಕನ್ನಡಿಗರೂ ಅವರಿಗೆ ದನಿಗೂಡಿಸಿದ್ದರು. ಅದು ಸಹಜವೇ ಆಗಿತ್ತು. ಆದರೆ ಸ್ವಿಚ್ ಒತ್ತಿದಾಗ ಇಲ್ಲಿ ಬೆಳಗುವ ದೀಪಕ್ಕೂ ಯಾರದೋ ಊರಿನ ಕಲ್ಲಿದ್ದಲು, ಯಾರದೋ ಊರಿನ ಬೂದಿ ಇದೆ. ತನ್ನ ಊರಿಗೆ ಹೊಗೆ ಬೇಡ ಎನ್ನುವವನು ಬೇರೆಯವರ ಊರಿನ ಹೊಗೆಯನ್ನು ಮರೆತು ದೀಪ ಉರಿಸುವಂತಿಲ್ಲ. ಒಂದು ಮನೆ ಸ್ಥಾವರವನ್ನು ನಿಲ್ಲಿಸದು. ಆದರೆ ಹೊಸ ಸ್ಥಾವರಕ್ಕೆ ಬೇಡಿಕೆ ಬೆಳೆಯುವುದು ಮನೆ ಮನೆಯ ಯೂನಿಟ್ ಸೇರಿಯೇ.

ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಸಂಘಗಳು ಈ ಎರಡು ವಿಷಯಗಳಿಗೆ ಜಾಗ ಕೊಡಲಿ: ಸಭಾಗೃಹದ ದೀಪಗಳ ಬದಲಾವಣೆ ಮತ್ತು ಸದಸ್ಯರ ಮನೆಗಳ ಕೆಟ್ಟ ಸಿಎಫ್‌ಎಲ್‌ಗಳ ಸಂಗ್ರಹ. ಮೊದಲನೆಯದರ ಖರ್ಚು ಕೆಲವೇ ವರ್ಷಗಳಲ್ಲಿ ಬಿಲ್ಲಿನಿಂದಲೇ ಮರಳುತ್ತದೆ. ಎರಡನೆಯದಕ್ಕೆ ಬೇಕಾಗುವುದು ಒಂದು ಗಟ್ಟಿ ಪೆಟ್ಟಿಗೆ ಮತ್ತು ಜವಾಬ್ದಾರಿ ಹೊರುವ ಇಬ್ಬರು ಯುವಕರು. ಉಳಿದ ಹಣ ಒಬ್ಬ ವಿದ್ಯಾರ್ಥಿಯ ಶುಲ್ಕಕ್ಕೆ ಸಲ್ಲಲಿ. ರಾತ್ರಿಶಾಲೆಯ ಬೆಳಕಿನಲ್ಲಿ ಓದಿ ಬಂದ ಹಿರಿಯರಿಗೆ ಸಲ್ಲಿಸುವ ಗೌರವ ಅದಕ್ಕಿಂತ ಬೇರೆ ಬೇಕಾಗಿಲ್ಲ.