ಶೇಕಡಾ 91.5: ಗೆಲುವು ಯಾರದು?

ಪರೀಕ್ಷೆಯ ಫಲಿತಾಂಶ ಬಂದ ದಿನ ಮನೆಮನೆಯಲ್ಲೂ ಕೇಳಿಬರುವ ಪ್ರಶ್ನೆ ಒಂದೇ: "ಶೇಕಡಾ ಎಷ್ಟು?" ಉತ್ತರ ಕಿವಿಗೆ ಬಿದ್ದ ಕೂಡಲೇ ಮಗುವಿನ ಯೋಗ್ಯತೆಯನ್ನು ತೀರ್ಮಾನಿಸಿಬಿಡುತ್ತೇವೆ. ಅಂಕಿ ಸುಳ್ಳಾಡುವುದಿಲ್ಲ, ನಿಜ. ಆದರೆ ಅದು ಎಲ್ಲವನ್ನೂ ಹೇಳುತ್ತದೆಯೇ? ಅಮೆರಿಕದ ಬೇಸ್‌ಬಾಲ್ ಆಟದ ಒಂದು ಹಳೆಯ ಲೆಕ್ಕವನ್ನು ನೋಡೋಣ.

ಬೇಸ್‌ಬಾಲಿನಲ್ಲಿ ಚೆಂಡೆಸೆಯುವವನನ್ನು ಪಿಚರ್ ಎನ್ನುತ್ತಾರೆ, ಕ್ರಿಕೆಟ್ಟಿನ ಬೌಲರನಿದ್ದಂತೆ. ಆದರೆ ಅಲ್ಲಿ ತಂಡದ ಗೆಲುವು ಸೋಲುಗಳನ್ನು ಪಿಚರನ ಹೆಸರಿಗೂ ಬರೆಯುವ ಪದ್ಧತಿಯಿದೆ. ಅವನ ಹೆಸರಿನ ಒಟ್ಟು ಪಂದ್ಯಗಳಲ್ಲಿ ನೂರಕ್ಕೆ ಎಷ್ಟು ಗೆಲುವು ಎಂಬುದೇ ಅವನ ಶೇಕಡಾವಾರು.

ಸಂಬಳದ ಆಟಗಾರರ ಮೊದಲ ಲೀಗ್ ಅಮೆರಿಕದಲ್ಲಿ 1871ರಲ್ಲಿ ಆರಂಭವಾಯಿತು. ಬಾಸ್ಟನ್ ನಗರದ ರೆಡ್ ಸ್ಟಾಕಿಂಗ್ಸ್ ತಂಡ ಅದರಲ್ಲಿ 1872ರಿಂದ 1875ರವರೆಗೆ ಸತತ ನಾಲ್ಕು ವರ್ಷ ಪ್ರಥಮ ಸ್ಥಾನ ಗಳಿಸಿತು. 1875ರಲ್ಲಿ ಅದು ಗೆದ್ದದ್ದು 71, ಸೋತದ್ದು ಕೇವಲ 8. ಅದರ ಪಿಚರ್ ಆಲ್ಬರ್ಟ್ ಸ್ಪಾಲ್ಡಿಂಗನ ಹೆಸರಿನಲ್ಲಿ 54 ಗೆಲುವು, 5 ಸೋಲು. ಅಂದರೆ ಶೇಕಡಾ 91.5! ಎಂಥ ವೀರ ಎಂದು ಯಾರಾದರೂ ಬೆರಗಾಗಬೇಕು.

ಮಕ್ಕಳೇ, ಈಗ ಒಂದು ಸಣ್ಣ ಕಳೆಯುವ ಲೆಕ್ಕ ಮಾಡಿರಿ. 71ರಲ್ಲಿ 54 ಕಳೆದರೆ 17. 8ರಲ್ಲಿ 5 ಕಳೆದರೆ 3. ಸ್ಪಾಲ್ಡಿಂಗನ ಲೆಕ್ಕಕ್ಕೆ ಸೇರದ 20 ಪಂದ್ಯಗಳಲ್ಲಿಯೂ ಬಾಸ್ಟನ್ 17ನ್ನು ಗೆದ್ದಿತ್ತು. ಅದು ಶೇಕಡಾ 85!

ಕಾರಣ ಸ್ಪಷ್ಟವಾಗಿದೆ. ಆಗಿನ ನಿಯಮದಂತೆ ಪಿಚರ್ ಕೈಯನ್ನು ಸೊಂಟಕ್ಕಿಂತ ಕೆಳಗಿಟ್ಟೇ ಚೆಂಡೆಸೆಯಬೇಕಿತ್ತು. ಹೊಡೆದ ಚೆಂಡನ್ನು ಓಡಿ ಹಿಡಿಯುವವರು ಬೇರೆಯವರು. ರನ್ ಗಳಿಸಿಕೊಡಲು ರಾಸ್ ಬಾರ್ನ್ಸ್‌ನಂಥ ಸಮರ್ಥರಿದ್ದರು. ಒಂಬತ್ತು ಜನರ ದುಡಿಮೆ ಒಬ್ಬನ ಖಾತೆಗೆ ಜಮೆಯಾಯಿತು.

ಹಾಗಾದರೆ ಸ್ಪಾಲ್ಡಿಂಗ್ ಸಾಮಾನ್ಯನೇ? ಖಂಡಿತ ಅಲ್ಲ. 1876ರಲ್ಲಿ ಅವನು ಷಿಕಾಗೊ ತಂಡಕ್ಕೆ ಹೋಗಿ 47 ಗೆಲುವು, 12 ಸೋಲು ಪಡೆದ. ಆ ತಂಡವೇ ಮೊದಲನೆಯದಾಯಿತು. ಅತ್ತ ಬಾಸ್ಟನ್ 39 ಗೆದ್ದು 31 ಸೋತಿತು. ಆದರೆ ಅವನು ಒಬ್ಬನೇ ಹೋಗಲಿಲ್ಲ. ಬಾರ್ನ್ಸ್, ವೈಟ್, ಮೆಕ್‌ವೇ ಎಂಬ ಮೂವರು ಗಟ್ಟಿ ಆಟಗಾರರೂ ಜೊತೆಗೆ ಹೋದರು. ಯಾರ ಪಾಲು ಎಷ್ಟು ಎಂಬುದನ್ನು ಆ ಶೇಕಡಾವಾರು ಹೇಳಲಾರದು.

ಅಂಕಿಗಳೇ ಬೇಡವೆಂಬುದು ನಮ್ಮ ಮಾತಲ್ಲ. ಅಂಕಿ ವಿಚಾರದ ಆರಂಭವಾಗಲಿ, ಕೊನೆಯ ತೀರ್ಪಾಗದಿರಲಿ. ತೊಂಬತ್ತು ಪಡೆದವನ ಹಿಂದೆ ಮನೆಯವರ ಆಸರೆ, ಗೆಳೆಯರ ನೆರವು ಇರುತ್ತದೆ. ಅದನ್ನು ಅವನು ಮರೆಯಬಾರದು. ಐವತ್ತು ಪಡೆದವಳು ಬೆಳಿಗ್ಗೆ ನೀರು ಹೊತ್ತು, ತಮ್ಮನನ್ನು ಸಂಬಾಳಿಸಿ ಶಾಲೆಗೆ ಬಂದಿರಬಹುದು. ಅದು ಅಂಕಪಟ್ಟಿಯಲ್ಲಿ ಕಾಣುವುದಿಲ್ಲ. ತಂದೆತಾಯಂದಿರು "ಎಷ್ಟು?" ಎಂದು ಅವಶ್ಯ ಕೇಳಲಿ. ಅದರೊಂದಿಗೆ "ಹೇಗೆ?" ಎಂದೂ ಕೇಳಲಿ ಎಂಬುದೇ ನಮ್ಮ ವಿನಂತಿ.